ಕಂಪ್ಯೂಟರ್ ಜ್ಞಾನ: ಟೆಕ್ಸ್ಟ್ ಎಡಿಟರ್ ಕೋಡ್ ಓದುವ ಬಗೆ

ಉದಾಹರಣೆ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ತಾಲ್ಲೂಕುಗಳ ಪಟ್ಟಿ ಪ್ರೋಗ್ರಾಮಿನ ಒಂದು ಸಾಲಿನಲ್ಲಿ ಹೀಗಿರಬಹುದು:

["ಮಧುಗಿರಿ", "ಶಿರಾ", "ಕೊರಟಗೆರೆ", "ಪಾವಗಡ"]

ಎಡಿಟರ್ ಇದನ್ನು ಊರುಗಳೆಂದು ಅರಿಯದು. ಆವರಣ, ಉದ್ಧರಣ ಚಿಹ್ನೆ, ಅಲ್ಪವಿರಾಮಗಳ ರಚನೆಯನ್ನಷ್ಟೇ ಗುರುತಿಸುತ್ತದೆ.

ಮುಖ್ಯಾಂಶಗಳು
• ಈಮ್ಯಾಕ್ಸ್: ಒಂದು ಟೆಕ್ಸ್ಟ್ ಎಡಿಟರ್. ಮೊದಲ ರೂಪ 1976, ಎಂಐಟಿ. ರಿಚರ್ಡ್ ಸ್ಟಾಲ್ಮನ್ ಅವರ ಗ್ನೂ ಈಮ್ಯಾಕ್ಸ್ 1985. ಬಳಕೆದಾರರು ಇದನ್ನು ಈಮ್ಯಾಕ್ಸ್ ಲಿಸ್ಪ್ ಭಾಷೆಯಲ್ಲಿ ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು.
• ಸಿಂಟ್ಯಾಕ್ಸ್ ಟೇಬಲ್: ಈಮ್ಯಾಕ್ಸ್‌ನಲ್ಲಿ ಪ್ರತಿ ಅಕ್ಷರವನ್ನೂ ಪದದ ಭಾಗ, ಖಾಲಿ ಜಾಗ, ತೆರೆಯುವ ಆವರಣ, ಮುಚ್ಚುವ ಆವರಣ, ಉದ್ಧರಣ, ಟಿಪ್ಪಣಿ ಎಂದು ವರ್ಗೀಕರಿಸುವ ಕೋಷ್ಟಕ. ಆವರಣದ ಜೋಡಿ ಹುಡುಕಲು ಇದೇ ಆಧಾರ.
• ಫಾಂಟ್ ಲಾಕ್: ಕೀಲಿಪದ, ಟಿಪ್ಪಣಿ, ಉದ್ಧರಣದೊಳಗಿನ ಪಠ್ಯಕ್ಕೆ ಬೇರೆ ಬೇರೆ ಬಣ್ಣ ಕೊಡುವ ಈಮ್ಯಾಕ್ಸ್ ವ್ಯವಸ್ಥೆ.
• ಟ್ರೀ-ಸಿಟ್ಟರ್: ಕೋಡ್ ವಿಶ್ಲೇಷಿಸುವ ಸಾಧನ. ಪ್ರೋಗ್ರಾಮಿಂಗ್ ಭಾಷೆಯ ವ್ಯಾಕರಣದಂತೆ ಇಡೀ ಕೋಡಿನ ರಚನಾವೃಕ್ಷ ಕಟ್ಟುತ್ತದೆ. ಒಂದು ಅಕ್ಷರ ತಿದ್ದಿದರೆ ಬದಲಾದ ಭಾಗವನ್ನಷ್ಟೇ ಮತ್ತೆ ವಿಶ್ಲೇಷಿಸುತ್ತದೆ. ಕೋಡ್ ಅರ್ಧಂಬರ್ಧವಿದ್ದರೂ ಕೆಲಸ ನಿಲ್ಲಿಸುವುದಿಲ್ಲ. ಈಮ್ಯಾಕ್ಸ್ 29ರಲ್ಲಿ (2023) ಇದಕ್ಕೆ ಬೆಂಬಲ ಸೇರ್ಪಡೆ.

ಕನ್ನಡದ ವಿಶೇಷ
ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ವ್ಯಾಪ್ತಿ 128 ಸಂಕೇತಸ್ಥಾನಗಳು. 'ಮಧುಗಿರಿ' ಕಣ್ಣಿಗೆ 4 ಅಕ್ಷರ. ಗುಣಿತ ಚಿಹ್ನೆಗಳು ಪ್ರತ್ಯೇಕವಾದ್ದರಿಂದ ಯೂನಿಕೋಡ್‌ನಲ್ಲಿ 7 ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್.

ಮಾದರಿ ಪ್ರಶ್ನೆ
ಕೊನೆಯ ಉದ್ಧರಣ ಚಿಹ್ನೆ ಬಿಟ್ಟುಹೋದರೆ ಮುಂದಿನ ಸಾಲುಗಳ ಬಣ್ಣವೂ ಬದಲಾಗಬಹುದು, ಏಕೆ?
ಉತ್ತರ: ಉದ್ಧರಣದೊಳಗಿನ ಪಠ್ಯ ಇನ್ನೂ ಮುಗಿದಿಲ್ಲವೆಂದು ಎಡಿಟರ್ ಭಾವಿಸುತ್ತದೆ.

ನೆನಪಿಡಿ: ಎಡಿಟರ್ ನೋಡುವುದು ರಚನೆಯನ್ನು, ಪ್ರೋಗ್ರಾಂ ನಡೆಯುವುದು ಕಂಪೈಲರ್ ಅಥವಾ ಇಂಟರ್‌ಪ್ರಿಟರ್ ನೆರವಿನಿಂದ. ಈ ವ್ಯತ್ಯಾಸವನ್ನು ಚೆನ್ನಾಗಿ ಮನನ ಮಾಡಿಕೊಳ್ಳಿ.