ಎಣ್ಣೆ ತೊಟ್ಟಿಕ್ಕೋ ಜಾಗ ಬೇರೆ, ಸೋರೋ ಜಾಗ ಬೇರೆ: ಪವರ್ ಸ್ಟೀರಿಂಗ್ ಲೀಕ್ ಹುಡುಕೋದು ಹೇಗೆ?

ಕಾರು ನಿಂತಿದ್ದ ಜಾಗದಲ್ಲಿ ಕೆಂಪು ಎಣ್ಣೆ ಕಲೆ. ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ತಿರುಗಿಸಿದ್ರೆ ಗುಂಯ್ ಅಂತ ಸದ್ದು. ಗ್ಯಾರೇಜಿಗೆ ಒಯ್ದರೆ ಬಹಳ ಸಲ ಸಿಗೋ ಉತ್ತರ, "ರ‍್ಯಾಕ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು." ರ‍್ಯಾಕ್ ನಿಜವಾಗಿಯೂ ಹೋಗಿರಬಹುದು. ಆದರೆ ಹೋಸ್ ಪೈಪಿನ ಒಂದು ಕ್ಲಿಪ್ ಸಡಿಲ ಆಗಿದ್ದರೂ ನೆಲದ ಮೇಲೆ ಬೀಳೋದು ಅದೇ ಕಲೆ. ಒಂದು ರಿಪೇರಿ ನೂರರ ಲೆಕ್ಕದ್ದು, ಇನ್ನೊಂದು ಸಾವಿರಗಳ ಲೆಕ್ಕದ್ದು. ಬಿಚ್ಚೋಕೆ ಮೊದಲು ಅರ್ಧ ದಿನ ಹುಡುಕೋದಕ್ಕೆ ಕೊಟ್ಟರೆ ಯಾವುದು ಅಂತ ಸಾಮಾನ್ಯವಾಗಿ ಗೊತ್ತಾಗುತ್ತೆ.

ಮೊದಲೇ ಹೇಳಿಬಿಡ್ತೀನಿ, ಇದು ಹೈಡ್ರಾಲಿಕ್ ಸ್ಟೀರಿಂಗ್ ವಿಷಯ. ಈಗಿನ ಸಣ್ಣ ಕಾರುಗಳಲ್ಲಿ ಬಹುಪಾಲು ಇಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುತ್ತೆ, ಅದರಲ್ಲಿ ಮೋಟರ್ ಇದೆ, ಎಣ್ಣೆ ಇಲ್ಲ. ಅಂಥ ಕಾರಿನ ಕೆಳಗೆ ಕಲೆ ಕಂಡರೆ ಅದು ಬೇರೇನೋ. ಬೊಲೆರೊ, ಹಳೇ ಇನ್ನೋವಾ, ಲಾರಿ, ಬಸ್ಸು, ಟ್ರ್ಯಾಕ್ಟರ್ ಇವೆಲ್ಲ ಎಣ್ಣೆಯವು. ಹಾಗಾಗಿ "ಇದು ಹಳೇ ಟೆಕ್ನಾಲಜಿ, ನಮಗ್ಯಾಕೆ" ಅನ್ನೋ ಹಾಗಿಲ್ಲ. ಹಳೇದು ಅನ್ನೋದೇನೋ ನಿಜ. ಅಮೆರಿಕದ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಇದನ್ನ ಒಂದು ಪಿಯರ್ಸ್ ಆ್ಯರೋ ಕಾರಿಗೆ ಕೂರಿಸಿ ತೋರಿಸಿದ್ದರು. ಜನ ಕೊಳ್ಳೋ ಕಾರಿನಲ್ಲಿ ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ.

ಒಳಗೆ ನಡೆಯೋದು ಇಷ್ಟು. ಇಂಜಿನ್ನಿನ ಬೆಲ್ಟ್ ಒಂದು ವೇನ್ ಪಂಪನ್ನ ತಿರುಗಿಸುತ್ತೆ. ಪಂಪು ಡಬ್ಬಿಯಿಂದ ಎಣ್ಣೆ ಎಳೆದು ಹೈ ಪ್ರೆಶರ್ ಹೋಸ್ ಮೂಲಕ ರ‍್ಯಾಕಿಗೆ ಕಳಿಸುತ್ತೆ. ನೀವು ಸ್ಟೀರಿಂಗ್ ತಿರುಗಿಸಿದಾಗ ಟಾರ್ಷನ್ ಬಾರ್ ಚೂರು ತಿರುಚಿಕೊಂಡು ವಾಲ್ವ್ ತೆರೆಯುತ್ತೆ, ಎಣ್ಣೆ ಪಿಸ್ಟನ್ನಿನ ಒಂದು ಪಕ್ಕಕ್ಕೆ ನುಗ್ಗಿ ರ‍್ಯಾಕನ್ನ ತಳ್ಳುತ್ತೆ. ಇನ್ನೊಂದು ಪಕ್ಕದ ಎಣ್ಣೆ ರಿಟರ್ನ್ ಹೋಸಿನಲ್ಲಿ ಡಬ್ಬಿಗೆ ವಾಪಸ್ಸು.

ಎಷ್ಟು ಬಲ? ಉದಾಹರಣೆಗೆ ಸಿಲಿಂಡರ್ ವ್ಯಾಸ 40 ಮಿ.ಮೀ., ರಾಡಿನ ವ್ಯಾಸ 24 ಮಿ.ಮೀ. ಅಂತ ಇಟ್ಕೊಳ್ಳಿ. ಎಣ್ಣೆ ಒತ್ತೋ ವಿಸ್ತೀರ್ಣ ಸುಮಾರು 804 ಚದರ ಮಿ.ಮೀ. ಒತ್ತಡ 80 ಬಾರ್ ಇದ್ದರೆ ಬಲ ಸುಮಾರು 6,400 ನ್ಯೂಟನ್, ಅಂದ್ರೆ 650 ಕೆ.ಜಿ. ತೂಕದಷ್ಟು! ಒಂದು ಬೆರಳಲ್ಲಿ ಸ್ಟೀರಿಂಗ್ ತಿರುಗೋದು ಸುಮ್ಮನೆ ಅಲ್ಲ. ಆದರೆ ಈ ಒತ್ತಡ ಯಾವಾಗಲೂ ಇರಲ್ಲ. ನೇರ ರಸ್ತೆಯಲ್ಲಿ ಕೆಲವೇ ಬಾರ್. ನಿಂತಲ್ಲೇ ತಿರುಗಿಸಿದಾಗ, ಪೂರ್ತಿ ಲಾಕ್‌ಗೆ ಒಯ್ದಾಗ ಮೇಲಕ್ಕೇರುತ್ತೆ. ಸುಮ್ಮನೆ ಆನ್ ಆಗಿ ನಿಂತ ಗಾಡಿಯಲ್ಲಿ ಕಾಣದ ಲೀಕ್, ತಿರುಗಿಸಿದ ಕೂಡಲೇ ಕಾಣೋದು ಇದಕ್ಕೇ.

ಇಲ್ಲೇ ಒಂದು ಎಚ್ಚರಿಕೆ. ಹೈ ಪ್ರೆಶರ್ ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಾಗಿದೆ ಅಂದ್ಕೊಳ್ಳಿ. ಇಂಟರ್ನಲ್ಸ್‌ಗೆ ಓದಿದ ಬರ್ನೌಲಿ ಸೂತ್ರವನ್ನೇ ಹಾಕಿ: ಒತ್ತಡದ ಎರಡರಷ್ಟನ್ನ ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 80 ಬಾರ್ ಒತ್ತಡಕ್ಕೆ, 850 ಸಾಂದ್ರತೆಗೆ ಬರೋದು ಸೆಕೆಂಡಿಗೆ ಸುಮಾರು 137 ಮೀಟರ್. ಘರ್ಷಣೆ ಲೆಕ್ಕಕ್ಕೆ ಹಿಡಿದ್ರೆ ಇದು ಕಡಿಮೆ ಆಗುತ್ತೆ, ಆದರೂ ಆ ಎಣ್ಣೆ ಚರ್ಮದೊಳಕ್ಕೆ ಹೊಕ್ಕಬಲ್ಲದು. ಹೊರಗೆ ಕಾಣೋದು ಇರುವೆ ಕಚ್ಚಿದಂಥ ಚುಕ್ಕೆ, ಒಳಗೆ ಕೊಳೆಯೋದು ಬೆರಳು. ಹಾಗೇನಾದ್ರೂ ಆದ್ರೆ ನೋವು ಕಡಿಮೆ ಇದ್ದರೂ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಇಂಜಿನ್ ಓಡ್ತಿರುವಾಗ ಹೋಸಿನ ಮೇಲೆ ಕೈಯಾಡಿಸಿ ಲೀಕ್ ಹುಡುಕೋದು ಬೇಡವೇ ಬೇಡ. ಒಂದು ರಟ್ಟಿನ ತುಂಡು ಹಿಡಿಯಿರಿ, ಎಣ್ಣೆ ಚಿಮ್ಮಿದ್ರೆ ಅದರ ಮೇಲೆ ಗೆರೆ ಬೀಳುತ್ತೆ. ಕನ್ನಡಕ ಇರಲಿ.

ಈಗ ಹುಡುಕೋಣ. ಮೊದಲ ಪ್ರಶ್ನೆ, ನೆಲದ ಮೇಲಿರೋದು ಸ್ಟೀರಿಂಗ್ ಎಣ್ಣೆನೇನಾ? ಬಿಳಿ ರಟ್ಟು ರಾತ್ರಿಯೆಲ್ಲಾ ಕೆಳಗಿಟ್ಟು ಬೆಳಿಗ್ಗೆ ನೋಡಿ. ಎಸಿ ನೀರು ಕಲೆ ಬಿಡದೆ ಒಣಗುತ್ತೆ. ಇಂಜಿನ್ ಆಯಿಲ್ ಕಂದು ಇಲ್ಲವೇ ಕಪ್ಪು. ಕೂಲೆಂಟ್ ನೀರಿನಂತೆ, ಬಣ್ಣದ್ದು. ಬ್ರೇಕ್ ಆಯಿಲ್ ನೀರಲ್ಲಿ ಹಾಕಿದ್ರೆ ಕರಗುತ್ತೆ, ಸ್ಟೀರಿಂಗ್ ಎಣ್ಣೆ ತೇಲುತ್ತೆ. ಹಲವು ಗಾಡಿಗಳಲ್ಲಿ ಸ್ಟೀರಿಂಗಿಗೆ ಹಾಕೋದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನದೇ ಕೆಂಪು ಎಣ್ಣೆ, ಹಾಗಾಗಿ ಗಾಡಿ ಆಟೊಮ್ಯಾಟಿಕ್ ಆಗಿದ್ರೆ ಬಣ್ಣ ಒಂದನ್ನೇ ನಂಬಬೇಡಿ. ಡಬ್ಬಿಯಲ್ಲಿ ಮಟ್ಟ ಇಳಿದಿದೆಯಾ ಅನ್ನೋದೇ ಸಾಕ್ಷಿ.

ಡಬ್ಬಿ ತೆರೆದಾಗ ನೊರೆ ಕಂಡರೆ ಅದೊಂದು ಮಜವಾದ ಕೇಸು. ಡಬ್ಬಿಯಿಂದ ಪಂಪಿಗೆ ಹೋಗೋ ಪೈಪಿನಲ್ಲಿ ಇಂಜಿನ್ ಓಡುವಾಗ ಒತ್ತಡ ವಾತಾವರಣಕ್ಕಿಂತ ಕಡಿಮೆ ಇರಬಹುದು. ಅಲ್ಲಿ ಬಿರುಕು ಬಿಟ್ಟಿದ್ರೆ ಎಣ್ಣೆ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ನೊರೆ, ಗುಂಯ್ ಸದ್ದು ಎರಡೂ ಅದರದ್ದೇ. ಇಂಜಿನ್ ಆಫ್ ಮಾಡಿದ ಮೇಲೆ ನಿಧಾನಕ್ಕೆ ತೊಟ್ಟಿಕ್ಕುತ್ತೆ. ಓಡುವಾಗ ಮಾತ್ರ ನೋಡಿದವರಿಗೆ ಈ ಲೀಕ್ ಸಿಗೋದೇ ಇಲ್ಲ.

ಮುಂದಿನದು ತೊಳೆಯೋದು. ಇದನ್ನ ಬಿಟ್ಟರೆ ಉಳಿದದ್ದೆಲ್ಲ ಊಹೆ. ಎಣ್ಣೆ ಹೋಸಿನ ಮೇಲೇ ಹರಿದು, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಸರಿದು, ಎಲ್ಲೋ ಒಂದು ತಗ್ಗಿನಲ್ಲಿ ತೊಟ್ಟಾಗಿ ಬೀಳುತ್ತೆ. ಆ ತಗ್ಗಿನ ಜಾಗ ಬಹಳ ಗಾಡಿಗಳಲ್ಲಿ ರ‍್ಯಾಕೇ! ಇಂಜಿನ್ ತಣ್ಣಗಿದ್ದಾಗ ಡಿಗ್ರೀಸರ್ ಹಾಕಿ ತೊಳೆಯಿರಿ, ಆಲ್ಟರ್ನೇಟರ್ ಮುಚ್ಚಿ, ಬೆಲ್ಟಿಗೆ ತಾಗಿಸಬೇಡಿ. ಪೂರ್ತಿ ಒಣಗಿದ ಮೇಲೆ ಜಾಯಿಂಟುಗಳ ಮೇಲೆ ಮುಖಕ್ಕೆ ಹಾಕೋ ಪೌಡರನ್ನೇ ಉದುರಿಸಿ. ಒಬ್ಬರು ಇಂಜಿನ್ ಆನ್ ಮಾಡಿ ಸ್ಟೀರಿಂಗನ್ನ ಎಡ ಬಲ ತಿರುಗಿಸಲಿ. ಲಾಕ್‌ನಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯೋದು ಬೇಡ, ಎಣ್ಣೆ ಕಾದು ಪಂಪು ಹಾಳಾಗುತ್ತೆ. ಒದ್ದೆಯಾದ ಪೌಡರಿನ ಗೆರೆಯನ್ನ ಕೆಳಗಿಂದ ಮೇಲಕ್ಕೆ ಹಿಂಬಾಲಿಸಿ. ಎಲ್ಲಕ್ಕಿಂತ ಮೇಲೆ ಒದ್ದೆ ಆಗಿರೋ ಜಾಗವೇ ಮೊದಲ ಆರೋಪಿ.

ನಮ್ಮ ಮಾವ ತೀರ್ಥಹಳ್ಳಿ ಕಡೆ ಟ್ಯಾಕ್ಸಿ ಓಡಿಸ್ತಾರೆ, ವಾರಕ್ಕೆರಡು ಸಲ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗೋರು. ಹೋದ ಮಳೆಗಾಲದಲ್ಲಿ ಅವರ ಗಾಡಿಗೂ ರ‍್ಯಾಕ್ ಬದಲಾಯಿಸಬೇಕು ಅಂತ ಹೇಳಿದ್ದರು. ಹೇಳಿದವರು ಮೋಸ ಮಾಡೋರೇನಲ್ಲ, ರ‍್ಯಾಕಿನ ರಬ್ಬರ್ ಬೂಟು ನಿಜಕ್ಕೂ ಒದ್ದೆ ಇತ್ತು. "ಮಾವ, ಒಂದು ಸಲ ತೊಳೆದು ನೋಡೋಣ" ಅಂದೆ. "ನಿನ್ ಇಂಜಿನಿಯರಿಂಗ್ ಎಲ್ಲ ಪೌಡರ್ ಹಾಕೋಕೇನೋ?" ಅಂತ ನಕ್ಕರು. ಪೌಡರಿನ ಗೆರೆ ಶುರುವಾಗಿದ್ದು ಡಬ್ಬಿಯ ಹತ್ತಿರ, ರಿಟರ್ನ್ ಹೋಸಿನ ಕ್ಲಿಪ್ಪಿನ ಕೆಳಗೆ. ರಬ್ಬರ್ ಬೆಂದು ಗಟ್ಟಿಯಾಗಿತ್ತು. ಬೂಟಿನ ಕ್ಲಿಪ್ ಬಿಚ್ಚಿ ಸರಿಸಿ ನೋಡಿದೆವು, ಒಳಗೆ ಒಣಗಿತ್ತು.

ಬೂಟಿನ ಹೊರಗೆ ಎಣ್ಣೆ ಇದ್ದರೆ ಅದು ಎಲ್ಲಿಂದಲೋ ಬಂದಿರಬಹುದು. ಬೂಟಿನ ಒಳಗೆ ಎಣ್ಣೆ ತುಂಬಿದ್ದರೆ ರ‍್ಯಾಕಿನ ಸೀಲ್ ಹೋಗಿದೆ ಅಂತಲೇ ಅರ್ಥ. ಯಾವ ಪಕ್ಕದ ಬೂಟಿನಲ್ಲಿದೆಯೋ ಆ ಪಕ್ಕದ ಸೀಲೇ ಹೋಗಿದೆ ಅಂತ ಮಾತ್ರ ಹೇಳೋಕಾಗಲ್ಲ, ಕೆಲವು ರ‍್ಯಾಕುಗಳಲ್ಲಿ ಎರಡೂ ಬೂಟುಗಳ ನಡುವೆ ಗಾಳಿ ಓಡಾಡೋ ಪೈಪ್ ಇರುತ್ತೆ. ಇನ್ನು ಪಂಪಿನ ಶಾಫ್ಟ್ ಸೀಲ್ ಹೋದ್ರೆ ಪುಲ್ಲಿಯ ಹಿಂದೆ ಒದ್ದೆ, ಸುತ್ತಲೂ ಚಕ್ರದ ಹಾಗೆ ಎರಚಿದ ಎಣ್ಣೆ. ಅಪರೂಪಕ್ಕೆ ಡ್ರೈವರ್ ಕಾಲ ಬಳಿ ಮ್ಯಾಟ್ ಒದ್ದೆ ಆಗಿದ್ರೆ, ಸ್ಟೀರಿಂಗ್ ಶಾಫ್ಟ್ ರ‍್ಯಾಕಿಗೆ ಸೇರೋ ಕಡೆಯ ಸೀಲನ್ನ ಅನುಮಾನಿಸಿ.

ರಿಪೇರಿ. ರಿಟರ್ನ್ ಹೋಸಿನ ಒತ್ತಡ ಕಡಿಮೆ, ಆಯಿಲ್‌ಗೆ ತಡೆಯೋ ಹೊಸ ರಬ್ಬರ್ ಹೋಸು, ಹೊಸ ಕ್ಲಿಪ್ ಸಾಕು. ಮಾವನ ಗಾಡಿಗೆ ಮಾಡಿದ್ದೂ ಅಷ್ಟೇ. ನೀರಿನ ಪೈಪ್ ಹಾಕಿದ್ರೆ ಎಣ್ಣೆಗೆ ಉಬ್ಬಿ ಕಳಚುತ್ತೆ. ಹೈ ಪ್ರೆಶರ್ ಹೋಸಿಗೆ ಕ್ಲಿಪ್ ಹಾಕಿ ಬಿಗಿಯೋ ಆಟ ನಡೆಯಲ್ಲ, ಹೊಸ ಹೋಸೇ ಬೇಕು, ಇಲ್ಲವೇ ಜೆಸಿಬಿ ಹೋಸು ಕ್ರಿಂಪ್ ಮಾಡೋ ಅಂಗಡಿಯಲ್ಲಿ ಅದೇ ಒತ್ತಡಕ್ಕೆ ತಡೆಯೋದನ್ನ ಮಾಡಿಸಬೇಕು. ಜಾಯಿಂಟಿನಲ್ಲಿ ಜಿನುಗುತ್ತಿದ್ರೆ ಹಳೇ ಕಾಪರ್ ವಾಷರ್ ತೆಗೆದು ಹೊಸದು ಹಾಕಿ, ಸಿಕ್ಕಾಪಟ್ಟೆ ಬಿಗಿದ್ರೆ ಥ್ರೆಡ್ ಹೋಗುತ್ತೆ.

ರ‍್ಯಾಕ್ ಸೀಲ್ ಬದಲಾಯಿಸೋದಾದ್ರೆ ಕೇಳಬೇಕಾದ ಪ್ರಶ್ನೆ, ಹಳೇ ಸೀಲ್ ಯಾಕೆ ಹೋಯ್ತು? ಬೂಟು ಹರಿದು ಕೆಸರು ಹೊಕ್ಕು ರಾಡಿನ ಮೇಲೆ ತುಕ್ಕು ಹಿಡಿದಿದ್ರೆ ಹೊಸ ಸೀಲೂ ಕೆಲವೇ ವಾರದಲ್ಲಿ ಕೊಯ್ದುಹೋಗುತ್ತೆ. ಉಗುರಿನಿಂದ ಗೀರಿ ನೋಡಿ, ಉಗುರು ಎಲ್ಲಾದ್ರೂ ಸಿಕ್ಕಿಕೊಂಡರೆ ಆ ರಾಡಿಗೆ ಸೀಲ್ ಹಾಕೋದು ದುಡ್ಡು ದಂಡ. ಮೆಟ್ರಾಲಜಿ ಲ್ಯಾಬಲ್ಲಿ ಸರ್ಫೇಸ್ ರಫ್‌ನೆಸ್ ಅಳೆಯೋದು ಯಾಕೆ ಅಂತ ಗೊಣಗೋರಿಗೆ ಇದೇ ಉತ್ತರ.

ಲೀಕ್ ನಿಲ್ಲಿಸುತ್ತೆ ಅಂತ ಮಾರೋ ಬಾಟಲಿಗಳ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಅವು ಗಟ್ಟಿಯಾದ ರಬ್ಬರ್ ಸೀಲನ್ನ ಉಬ್ಬಿಸುತ್ತವೆ, ಸಣ್ಣ ಜಿನುಗು ಸ್ವಲ್ಪ ದಿನ ನಿಲ್ಲಬಹುದು. ಒಡೆದ ಹೋಸಿಗೆ, ಗೀರಿದ ರಾಡಿಗೆ ಏನೂ ಪ್ರಯೋಜನ ಇಲ್ಲ. ಬ್ರೇಕ್ ಆಯಿಲನ್ನಂತೂ ಈ ಡಬ್ಬಿಗೆ ಸುರೀಬೇಡಿ, ಸೀಲುಗಳೆಲ್ಲ ಹಾಳಾಗುತ್ತವೆ. ಡಬ್ಬಿಯ ಮುಚ್ಚಳದ ಮೇಲೋ ಮ್ಯಾನ್ಯುಅಲ್‌ನಲ್ಲೋ ಬರೆದಿರೋ ಎಣ್ಣೆಯನ್ನೇ ಹಾಕಿ.

"ಟಾಪ್ ಅಪ್ ಮಾಡ್ಕೊಂಡು ಓಡಿಸ್ತೀನಿ ಬಿಡಿ" ಅನ್ನೋರಿಗೆ ಒಂದು ಲೆಕ್ಕ. ಎಣ್ಣೆ ಖಾಲಿ ಆದ್ರೆ ಸ್ಟೀರಿಂಗ್ ಜಾಮ್ ಆಗಲ್ಲ, ಗೇರುಗಳ ಮೂಲಕ ಚಕ್ರ ತಿರುಗುತ್ತಲೇ ಇರುತ್ತೆ, ಆದರೆ ತೋಳು ಸೋಲುವಷ್ಟು ಭಾರ. ಹೋಸಿನಲ್ಲಿ 0.2 ಮಿ.ಮೀ. ತೂತಿದ್ರೂ ಪೂರ್ತಿ ಒತ್ತಡದಲ್ಲಿ ನಿಮಿಷಕ್ಕೆ 150 ಮಿ.ಲೀ. ಹತ್ತಿರ ಹೋಗಬಹುದು. ಆ ಒತ್ತಡ ಬರೋದು ನಿಧಾನವಾಗಿ ಪೂರ್ತಿ ತಿರುಗಿಸುವಾಗ, ಅಂದ್ರೆ ಘಾಟಿಯ ಹೇರ್‌ಪಿನ್ ತಿರುವಿನಲ್ಲೇ. ಅದೇ ಎಣ್ಣೆ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬಿದ್ರೆ ಬೆಂಕಿ ಹೊತ್ತೋ ಭಯವೂ ಇದೆ.

ಕೊನೆಗೆ ಏರ್ ತೆಗೆಯೋದು. ಮುಂದಿನ ಚಕ್ರ ಎರಡನ್ನೂ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಬೇಡಿ. ಎಣ್ಣೆ ತುಂಬಿ ಇಂಜಿನ್ ಆಫ್ ಇದ್ದಾಗಲೇ ಲಾಕಿನಿಂದ ಲಾಕಿಗೆ ಹತ್ತಿಪ್ಪತ್ತು ಸಲ ನಿಧಾನವಾಗಿ ತಿರುಗಿಸಿ. ಮಟ್ಟ ಇಳಿಯುತ್ತೆ, ತುಂಬ್ತಾ ಹೋಗಿ. ಗುಳ್ಳೆ ನಿಂತ ಮೇಲೆ ಇಂಜಿನ್ ಆನ್ ಮಾಡಿ ಇನ್ನೊಮ್ಮೆ ತಿರುಗಿಸಿ. ಎಣ್ಣೆ ಹಾಲಿನ ಹಾಗೆ ಕಂಡರೆ ಇನ್ನೂ ಗಾಳಿ ಇದೆ, ಆಫ್ ಮಾಡಿ ಒಂದು ತಾಸು ಬಿಟ್ಟು ಮತ್ತೆ ಮಾಡಿ. ತೆಗೆದ ಹಳೇ ಎಣ್ಣೆಯನ್ನ ಚರಂಡಿಗೆ ಚೆಲ್ಲದೆ ಕ್ಯಾನಿನಲ್ಲಿ ತುಂಬಿ ಹಳೇ ಆಯಿಲ್ ತಗೊಳ್ಳೋರಿಗೆ ಕೊಡಿ. ಜಾಯಿಂಟುಗಳಿಗೆ ಮತ್ತೆ ಪೌಡರ್ ಹಾಕಿ, ಊರೆಲ್ಲ ಒಂದು ಸುತ್ತು ಹೊಡೆದು ಬಂದು, ರಾತ್ರಿ ಹೊಸ ರಟ್ಟು ಕೆಳಗಿಡಿ. ಬೆಳಿಗ್ಗೆ ರಟ್ಟು ಒಣಗಿದ್ರೂ ಒಂದು ವಾರ ಡಬ್ಬಿಯ ಮಟ್ಟ ನೋಡ್ತಾ ಇರಿ.