ತಲೆ ಕಾಯುವ ಏಳು ಸೂತ್ರಗಳು

ಕೋಲ್ಕತ್ತದ ಸಿಯಾಲ್ದಾ ಸ್ಟೇಷನ್ನಿನಲ್ಲಿ ರಾಣಾಘಾಟ್ ಲೋಕಲ್ ಹತ್ತಿ. ಸ್ವಲ್ಪ ಹೊತ್ತಿಗೇ ದಮ್‌ದಮ್ ಬರುತ್ತದೆ. ಮೈಯೊಳಗೆ ಹೊಕ್ಕು ಅರಳಿಕೊಳ್ಳುವ ‘ದಮ್‌ದಮ್ ಗುಂಡು’ 1890ರ ದಶಕದಲ್ಲಿ ತಯಾರಾದದ್ದು ಇಲ್ಲಿನ ಶಸ್ತ್ರಾಗಾರದಲ್ಲಿ. ಯುದ್ಧದಲ್ಲಿ ಅಂಥ ಗುಂಡು ಬಳಸಬಾರದೆಂದು 1899ರ ಹೇಗ್ ಘೋಷಣೆ ಸಾರಿತು. ಅದೇ ಲೈನಿನಲ್ಲಿ ಇನ್ನಷ್ಟು ಮುಂದೆ ಇಛಾಪುರ. ಇನ್ಸಾಸ್ ರೈಫಲ್ ತಯಾರಿಸಿದ ಕಾರ್ಖಾನೆ ಅಲ್ಲಿದೆ. ಗುಂಡು, ಬಂದೂಕು ಎರಡನ್ನೂ ಕಂಡ ಈ ದಾರಿಯಲ್ಲಿ ಕೂತು, ಅವುಗಳಿಂದ ತಲೆ ಕಾಯುವ ವಸ್ತುವನ್ನು ಓದೋಣ.

ನೀವು ಎಸ್‌ಎಸ್‌ಸಿ ಜಿಡಿಗೋ ಆರ್‌ಪಿಎಫ್‌ಗೋ ತಯಾರಿ ನಡೆಸುತ್ತಿರಬಹುದು. ಅಥವಾ ಆಗಲೇ ಯೂನಿಫಾರ್ಮ್ ತೊಟ್ಟು ಊರಿನಿಂದ ದೂರ ಡ್ಯೂಟಿ ಮಾಡುತ್ತಿರಬಹುದು. ಆ ವಸ್ತು, ಅಂದರೆ ಗುಂಡು ತಡೆಯುವ ಬ್ಯಾಲಿಸ್ಟಿಕ್ ಹೆಲ್ಮೆಟ್, ಒಂದು ದಿನ ನಿಮ್ಮ ಕೈಗೆ ಬರುತ್ತದೆ. ಅರಿತು ಹಾಕಿಕೊಳ್ಳಿ.

1. ಮೊದಲು ಗುಂಡಿನ ಲೆಕ್ಕ ಮಾಡಿ.
ಪಿಯುಸಿಯ ಸೂತ್ರವೇ ಸಾಕು: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ. 9 ಎಂಎಂ ಪಿಸ್ತೂಲಿನ 8 ಗ್ರಾಂ ಗುಂಡು ಸೆಕೆಂಡಿಗೆ 430 ಮೀಟರ್ ವೇಗದಲ್ಲಿ ಬಂದರೆ ಶಕ್ತಿ ಸುಮಾರು 740 ಜೂಲ್. ಎಕೆ-47ರ ಗುಂಡೂ ಹೆಚ್ಚುಕಡಿಮೆ 8 ಗ್ರಾಮೇ. ಆದರೆ ವೇಗ ಸುಮಾರು 715 ಮೀಟರ್. ಶಕ್ತಿ 2,000 ಜೂಲ್ ದಾಟುತ್ತದೆ. ತೂಕ ಅಷ್ಟೇ, ಹೊಡೆತ ಎರಡೂವರೆ ಪಟ್ಟಿಗೂ ಹೆಚ್ಚು. ವೇಗವೇ ನಿಜವಾದ ಶತ್ರು ಎಂದು ಬರೆದಿಟ್ಟುಕೊಳ್ಳಿ.

2. ಹೆಲ್ಮೆಟ್ಟಿನ ಮಿತಿ ಬಾಯಿಪಾಠ ಮಾಡಿ.
‘ಲೆವೆಲ್ 3ಎ’ ಎಂದರೆ ಪಿಸ್ತೂಲಿನ ಗುಂಡನ್ನು ತಡೆಯುವ ಮಟ್ಟ. ಗ್ರೆನೇಡ್, ಶೆಲ್ ಸಿಡಿದಾಗ ಹಾರುವ ಚೂರುಗಳನ್ನು ತಡೆಯುವುದೂ ಇದರ ಮುಖ್ಯ ಕೆಲಸ. ಆದರೆ ರೈಫಲ್ ಗುಂಡು ನೇರವಾಗಿ ಬಡಿದರೆ ಇದನ್ನು ನಂಬಿ ನಿಲ್ಲಬೇಡಿ. ತಲೆ ಗಟ್ಟಿ ಇದೆಯೆಂದು ಬಂಡೆಗೆ ಹಾಯಬಾರದು. ಮರೆ ಹುಡುಕಿ. ಮಿತಿ ತಿಳಿದವನು ಸರಿಯಾದ ಜಾಗದಲ್ಲಿ ನಿಲ್ಲುತ್ತಾನೆ.

3. ಒಳಗೆ ಏನಾಗುತ್ತದೆಂದು ಅರ್ಥ ಮಾಡಿಕೊಳ್ಳಿ.
ಹೆಲ್ಮೆಟ್ಟಿನ ಚಿಪ್ಪನ್ನು ಅಡ್ಡ ಕತ್ತರಿಸಿದರೆ ಕಾಣುವುದು ಒಂದರ ಮೇಲೊಂದು ಒತ್ತಿ, ಅಂಟಿನಲ್ಲಿ ಗಟ್ಟಿ ಮಾಡಿದ ಅರಾಮಿಡ್ ಬಟ್ಟೆಯ ಪದರಗಳು. ಗುಂಡು ಬಡಿದಾಗ ಎಳೆಗಳು ಜಗ್ಗುತ್ತವೆ, ಪದರಗಳು ಒಂದರಿಂದೊಂದು ಬಿಡುತ್ತವೆ, ಗುಂಡಿನ ಮೂತಿ ಅಣಬೆಯಂತೆ ಚಪ್ಪಟೆಯಾಗುತ್ತದೆ. ವಾಲಿಬಾಲ್ ನೆಟ್‌ಗೆ ಚೆಂಡು ಬಿದ್ದದ್ದನ್ನು ನೆನಪಿಸಿಕೊಳ್ಳಿ. ಒಂದು ಚುಕ್ಕೆಗೆ ಬಿದ್ದ ಹೊಡೆತವನ್ನು ಇಡೀ ಬಲೆ ಹಂಚಿಕೊಳ್ಳುತ್ತದೆ. ಗಟ್ಟಿ ಉಕ್ಕಿನ ತಿರುಳಿರುವ ಗುಂಡು ಸುಲಭವಾಗಿ ಚಪ್ಪಟೆಯಾಗುವುದಿಲ್ಲ. ಅದಕ್ಕೇ ಅದು ಹೆಚ್ಚು ಅಪಾಯಕಾರಿ.

4. ಅನುಮಾನಕ್ಕೆ ಪ್ರಯೋಗದಿಂದ ಉತ್ತರ ಕೊಡಿ.
1965ರಲ್ಲಿ ಡ್ಯೂಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೋಲೆಕ್ ಅವರಿಗೆ ಸಿಕ್ಕಿದ್ದು ಮಜ್ಜಿಗೆಯಂತೆ ಮಸುಕಾದ, ತೆಳ್ಳಗಿನ ದ್ರಾವಣ. ಎಳೆ ತೆಗೆಯುವ ಯಂತ್ರದ ರಂಧ್ರ ಕಟ್ಟಿಕೊಂಡೀತೆಂದು ಸಹೋದ್ಯೋಗಿ ಹಿಂಜರಿದರು. ಕ್ವೋಲೆಕ್ ಪಟ್ಟು ಬಿಡಲಿಲ್ಲ. ಹೊರಬಂದ ಎಳೆ ಕೆವ್ಲಾರ್ ಎಂಬ ಅರಾಮಿಡ್‌ಗೆ ದಾರಿ ಮಾಡಿತು. ನಿಮ್ಮ ಲ್ಯಾಬ್ ಪ್ರಾಜೆಕ್ಟ್ ವಿಚಿತ್ರವಾಗಿ ಕಂಡರೆ ಚೆಲ್ಲಬೇಡಿ, ಪರೀಕ್ಷಿಸಿ.

5. ಫಿಟ್ಟಿಂಗ್‌ಗೆ ಐದು ನಿಮಿಷ ಕೊಡಿ.
ಗುಂಡು ನಿಂತರೂ ಚಿಪ್ಪು ಒಳಕ್ಕೆ ಉಬ್ಬುತ್ತದೆ. ಆ ಉಬ್ಬು ತಲೆಬುರುಡೆಗೆ ಬಡಿಯಬಾರದು. ಅದಕ್ಕಾಗಿಯೇ ಪ್ಯಾಡ್‌ಗಳು, ಅದಕ್ಕಾಗಿಯೇ ಚಿಪ್ಪಿಗೂ ತಲೆಗೂ ನಡುವಿನ ಅಂತರ. ಹೆಲ್ಮೆಟ್ ಹಾಕಿ, ಗಲ್ಲದ ಪಟ್ಟಿ ಬಿಗಿದು, ತಲೆಯನ್ನು ಜೋರಾಗಿ ಅತ್ತಿತ್ತ ಅಲ್ಲಾಡಿಸಿ. ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು. ಅಂಚು ಹುಬ್ಬಿಗಿಂತ ಸ್ವಲ್ಪ ಮೇಲಿರಲಿ. ಸೆಕೆ ಎಂದು ಪ್ಯಾಡ್ ಕಿತ್ತರೆ ರಕ್ಷಣೆಯ ಅರ್ಧ ಭಾಗವನ್ನು ನೀವೇ ಕಿತ್ತಂತೆ.

6. ಹೆಲ್ಮೆಟ್ಟನ್ನು ಉಪಕರಣದಂತೆ ನೋಡಿಕೊಳ್ಳಿ.
ಅದರ ಮೇಲೆ ಕೂರಬೇಡಿ. ತೂತು ಕೊರೆಯಬೇಡಿ. ಥಿನ್ನರ್ ಹಚ್ಚಿ ಒರೆಸಬೇಡಿ. ಬಿಸಿಲಲ್ಲಿ ನಿಂತ ಜೀಪಿನೊಳಗೆ ಬಿಡಬೇಡಿ. ಕೆಲವು ಹೆಲ್ಮೆಟ್‌ಗಳ ಚಿಪ್ಪು ಅರಾಮಿಡ್ ಅಲ್ಲ, ಪಾಲಿಎಥಿಲೀನ್; ಅದಕ್ಕೆ ಬಿಸಿ ಆಗಿಬರುವುದಿಲ್ಲ. ಒಮ್ಮೆ ಗುಂಡು ಬಿದ್ದ ಹೆಲ್ಮೆಟ್ಟನ್ನು ಹಿಂದಿರುಗಿಸಿ, ಹೊಸದು ಕೇಳಿ. ಬಣ್ಣದ ಕೆಳಗೆ ಬಿಟ್ಟುಕೊಂಡ ಪದರ ಕಣ್ಣಿಗೆ ಕಾಣುವುದಿಲ್ಲ.

7. ಭಾರವನ್ನು ಅಭ್ಯಾಸದಲ್ಲೇ ಹೊರಿ.
ನಮ್ಮ ಸೈನಿಕರು ಬಹುಕಾಲ ಹೊತ್ತ ಬುಲೆಟ್‌ಪ್ರೂಫ್ ಪಟ್ಕಾ ಎಂಬ ತಲೆಕವಚ ಎರಡೂವರೆ ಕಿಲೋಗೂ ಹೆಚ್ಚು ತೂಗುತ್ತಿತ್ತು. ಕಾಯುತ್ತಿದ್ದದ್ದು ಹಣೆ ಮತ್ತು ಹಿಂತಲೆಯನ್ನಷ್ಟೇ. ಆಮೇಲೆ ಸೇನೆ ಕಾನ್ಪುರದ ಎಂಕೆಯು ಕಂಪನಿಗೆ 1.58 ಲಕ್ಷ ಹೊಸ ಹೆಲ್ಮೆಟ್‌ಗಳ ಆರ್ಡರ್ ಕೊಟ್ಟಿತು. ಈಗಿನ ಹೆಲ್ಮೆಟ್ ಸುಮಾರು ಒಂದೂವರೆ ಕಿಲೋ. ಅದೂ ಹಗುರವೇನಲ್ಲ. ಡ್ರಿಲ್‌ನಲ್ಲಿ ಹಾಕಿ, ಓಟದಲ್ಲಿ ಹಾಕಿ, ಕತ್ತು ಗಟ್ಟಿ ಮಾಡಿಕೊಳ್ಳಿ. ತರಬೇತಿಯಲ್ಲಿ ಭಾರವೆಂದು ತೆಗೆದಿಡುವವನು ಡ್ಯೂಟಿಯಲ್ಲೂ ತೆಗೆದಿಡುತ್ತಾನೆ.

ಹೆಲ್ಮೆಟ್ ಕೈಗೆ ಬಂದ ದಿನ ಒಳಗಿನ ಲೇಬಲ್ ಓದಿ, ಲೆವೆಲ್ ನೋಡಿ, ಪ್ಯಾಡ್ ಎಣಿಸಿ, ಪಟ್ಟಿ ಎಳೆದು ಪರೀಕ್ಷಿಸಿ. ನಿಮ್ಮ ಪಕ್ಕದವನಿಗೂ ಹೇಳಿಕೊಡಿ. ಗಲ್ಲದ ಪಟ್ಟಿ ಬಿಗಿಯದ ಹೆಲ್ಮೆಟ್ ಎಷ್ಟೇ ದುಬಾರಿಯಾದರೂ ತಲೆ ಕಾಯುವುದಿಲ್ಲ.