ವಕ್ರದಂತ ಚಿಕಿತ್ಸೆ: ಹಲ್ಲಿಗೆ ಹಿತವಾದ ಅಂಟು ಯಾವುದು?

ಓರೆಕೋರೆಯಾದ ಹಲ್ಲುಗಳನ್ನು ಸಾಲಿಗೆ ತರುವ ಚಿಕಿತ್ಸೆಯಲ್ಲಿ ಹಲ್ಲುಗಳ ಮೇಲೆ ಬ್ರ್ಯಾಕೆಟ್ ಎಂಬ ಪುಟ್ಟ ಹಿಡಿಕೆಗಳನ್ನು ಅಂಟಿಸಿ, ಅವುಗಳಲ್ಲಿ ತಂತಿಯನ್ನು ಹಾಯಿಸುತ್ತಾರೆ. ಈ ಅಂಟು ಸುಮಾರು ಎರಡು ವರ್ಷಗಳ ಕಾಲ ಜಗಿಯುವ ಒತ್ತಡವನ್ನು ತಾಳಬೇಕು. ಚಿಕಿತ್ಸೆ ಮುಗಿದಾಗ ಹಲ್ಲಿಗೆ ಹಾನಿಯಾಗದಂತೆ ಬಿಟ್ಟುಕೊಡಲೂ ಬೇಕು. ಆದ್ದರಿಂದ ಅತ್ಯಂತ ಗಟ್ಟಿಯಾದ ಅಂಟೇ ಅತ್ಯುತ್ತಮವೆಂಬ ಎಣಿಕೆ ಇಲ್ಲಿ ಸಲ್ಲದು. 6ರಿಂದ 8 ಮೆಗಾಪಾಸ್ಕಲ್ ಬಲದ ಬೆಸುಗೆ ಸಾಕೆಂಬುದು ದಂತವೈದ್ಯರು ಸಾಮಾನ್ಯವಾಗಿ ಒಪ್ಪಿರುವ ಅಳತೆ.

ಕಾಂಪೋಸಿಟ್ ರಾಳ: ಹಿಂದೆ ಪ್ರತಿ ಹಲ್ಲಿಗೂ ಲೋಹದ ಪಟ್ಟಿಯನ್ನು ಸುತ್ತುತ್ತಿದ್ದರು. ಆಮ್ಲದಿಂದ ಎನಾಮಲ್ಲನ್ನು ಒರಟುಗೊಳಿಸಿದರೆ ರಾಳವು ಚೆನ್ನಾಗಿ ಹಿಡಿಯುತ್ತದೆಂದು 1955ರಲ್ಲಿ ಅಮೆರಿಕದ ಮೈಕೇಲ್ ಬ್ಯೂನೊಕೋರ್ ತೋರಿಸಿಕೊಟ್ಟ ಮೇಲೆ ನೇರವಾಗಿ ಅಂಟಿಸುವ ದಾರಿ ತೆರೆಯಿತು. ಇಂದು ಸಾಮಾನ್ಯವಾಗಿ ಶೇ. 37ರ ಫಾಸ್ಫಾರಿಕ್ ಆಮ್ಲವನ್ನು 15ರಿಂದ 30 ಸೆಕೆಂಡುಗಳ ಕಾಲ ಲೇಪಿಸಿ, ತೊಳೆದು, ಒಣಗಿಸುತ್ತಾರೆ. ಆಗ ಉಂಟಾಗುವ ಸೂಕ್ಷ್ಮ ರಂಧ್ರಗಳೊಳಗೆ ರಾಳವು ಇಳಿದು, ನೀಲಿ ಬೆಳಕಿನಲ್ಲಿ ಗಟ್ಟಿಯಾಗುತ್ತದೆ. ಹಿಡಿತ ಭದ್ರ, ಆದರೆ ಅಂಟಿಸುವಾಗ ಜೊಲ್ಲು ತಾಗಿದರೆ ಅದು ಕುಂದುತ್ತದೆ. ಕೊನೆಗೆ ಉಳಿದ ರಾಳವನ್ನು ಉಜ್ಜಿ ತೆಗೆಯುವಾಗ ಎನಾಮಲ್ಲೂ ಅಲ್ಪಸ್ವಲ್ಪ ಸವೆಯಬಹುದು.

ಗ್ಲಾಸ್ ಅಯಾನೋಮರ್: ಇದು ಹಲ್ಲಿನ ಕ್ಯಾಲ್ಸಿಯಂನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ತೇವವನ್ನು ಸಹಿಸುತ್ತದೆ, ಫ್ಲೋರೈಡನ್ನು ಹೊರಸೂಸುತ್ತದೆ. ಆದರೆ ಹಿಡಿತ ದುರ್ಬಲವಾದುದರಿಂದ ಬ್ರ್ಯಾಕೆಟ್‌ಗಳು ಬೇಗ ಕಳಚಬಹುದು.

ರಾಳಮಿಶ್ರಿತ ಅಯಾನೋಮರ್: ಇವೆರಡರ ನಡುವಿನ ದಾರಿಯಿದು. ಶುದ್ಧ ಅಯಾನೋಮರಿಗಿಂತ ಬಲವುಳ್ಳದ್ದು, ತೇವಕ್ಕೂ ಅಷ್ಟಾಗಿ ಅಂಜದು. ಹಲ್ಲನ್ನು ಒಣಗಿಸಿಡುವುದು ಕಷ್ಟವಾದ ಕಡೆ ಉಪಯುಕ್ತ.

ಯಾವ ಅಂಟನ್ನು ಬಳಸಿದರೂ ಶುಚಿತ್ವಕ್ಕೆ ಪರ್ಯಾಯವಿಲ್ಲ. ಬ್ರ್ಯಾಕೆಟ್ಟಿನ ಸುತ್ತ ಆಹಾರದ ಕೊಳೆ ನಿಂತರೆ ಎನಾಮಲ್ಲಿನ ಖನಿಜಾಂಶ ಕರಗಿ ಬಿಳಿ ಕಲೆಗಳು ಮೂಡುತ್ತವೆ. ತಂತಿ ತೆಗೆದ ಮೇಲೂ ಅವು ಉಳಿಯಬಹುದು. ಹಲ್ಲು ಸಾಲಾದರೂ ಅಂದ ಕೆಡುತ್ತದೆ. ಆದ್ದರಿಂದ ಊಟದ ನಂತರ ಫ್ಲೋರೈಡ್‌ಯುಕ್ತ ಪೇಸ್ಟಿನಿಂದ ಹಲ್ಲುಜ್ಜಬೇಕು. ಚಿಕ್ಕಿ, ಕಬ್ಬು, ಗಟ್ಟಿ ಚಕ್ಕುಲಿಗಳಿಂದ ದೂರವಿರಬೇಕು. ಸೀಬೆಹಣ್ಣನ್ನು ಕಚ್ಚದೆ ಹೆಚ್ಚಿಕೊಂಡು ತಿನ್ನಬೇಕು. ಬ್ರ್ಯಾಕೆಟ್ ಕಳಚಿದರೆ ಮನೆಯಲ್ಲಿರುವ ಅಂಟಿನಿಂದ ಎಂದಿಗೂ ಅಂಟಿಸಕೂಡದು. ಅದನ್ನು ಜೋಪಾನವಾಗಿಟ್ಟು ಬೇಗನೆ ವೈದ್ಯರನ್ನು ಕಾಣಬೇಕು. ಮಕ್ಕಳ ವಿಷಯದಲ್ಲಿ ತಾಯಿತಂದೆಯರು ಪ್ರತಿ ರಾತ್ರಿ ಒಮ್ಮೆ ಬಾಯಿ ತೆರೆಸಿ ನೋಡುವುದು ಒಳಿತು.